ಬಿ.ಪಿ. ಕಡಿಮೆ ಇರುವವರಿಗೆ ಮನೆಯಲ್ಲಿ ಸರಿಯಾಗಿ ಅಳೆಯುವುದು ಹೇಗೆ?

ಪ್ರಶ್ನೆ: ಡಾಕ್ಟರಿಗೆ ನಮಸ್ಕಾರ. ನಮ್ಮ ತಾಯಿಗೆ 67 ವರ್ಷ, ತುಂಬಾ ತೆಳ್ಳಗಿದ್ದಾರೆ, ರಕ್ತದೊತ್ತಡಕ್ಕೆ ದಿನಕ್ಕೊಂದು ಮಾತ್ರೆ ತೆಗೆದುಕೊಳ್ಳುತ್ತಾರೆ. ಬೆಳಿಗ್ಗೆ ಎದ್ದು ನಿಂತಾಗ ತಲೆ ಸುತ್ತುತ್ತದೆ ಎನ್ನುವುದರಿಂದ ಡಿಜಿಟಲ್ ಯಂತ್ರ ತಂದು ಅಳೆಯುತ್ತಿದ್ದೇವೆ. ಒಮ್ಮೆ 86/54 ಬಂದರೆ ಸ್ವಲ್ಪ ಹೊತ್ತು ಬಿಟ್ಟು ನೋಡಿದಾಗ 101/62 ಬರುತ್ತದೆ. ಕೆಲವು ಸಲ ಯಂತ್ರವು ಮತ್ತೆ ಮತ್ತೆ ಗಾಳಿ ತುಂಬಿಕೊಂಡು ಕೊನೆಗೆ ಎರರ್ ತೋರಿಸುತ್ತದೆ. ಕ್ಲಿನಿಕ್ಕಿನಲ್ಲಿ 108/68 ಇತ್ತು. ಯಾವುದನ್ನು ನಂಬಬೇಕು?

ಉತ್ತರ: ನಮಸ್ಕಾರ. ಮೊದಲು ಹೊಲಿಗೆಯ ಟೇಪು ತೆಗೆದುಕೊಂಡು, ಭುಜಕ್ಕೂ ಮೊಣಕೈಗೂ ನಡುವೆ ತಾಯಿಯವರ ತೋಳಿನ ಸುತ್ತಳತೆ ಎಷ್ಟಿದೆ ನೋಡಿ. ಅನೇಕ ಯಂತ್ರಗಳ ಜೊತೆ ಬರುವ, ತೋಳಿಗೆ ಸುತ್ತಿ ಗಾಳಿ ತುಂಬುವ ಪಟ್ಟಿಯು (ಕಫ್) 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿಗೆ ಮಾಡಿದ್ದು. ತೋಳು ಅದಕ್ಕಿಂತ ಸಣ್ಣದಿದ್ದರೆ ಒತ್ತಡವು ನಿಜವಾಗಿ ಇರುವುದಕ್ಕಿಂತ ಕಡಿಮೆ ಕಾಣಿಸುತ್ತದೆ. ಹಾಗಿದ್ದಲ್ಲಿ ಅದೇ ಯಂತ್ರಕ್ಕೆ ಹೊಂದುವ ಚಿಕ್ಕ ಪಟ್ಟಿಯನ್ನು ಬೇರೆಯಾಗಿ ಕೊಳ್ಳಬೇಕು. ನನ್ನ ಮಟ್ಟಿಗೆ, ಹೊಸ ಯಂತ್ರಕ್ಕೆ ಹಣ ಹಾಕುವುದಕ್ಕಿಂತ ಇದು ಮೇಲು.

ಎರರ್ ಬಗ್ಗೆ: ಈ ಯಂತ್ರಗಳು ವೈದ್ಯರ ಹಾಗೆ ಸ್ಟೆತಾಸ್ಕೋಪಿನಲ್ಲಿ ಶಬ್ದ ಕೇಳಿ ಅಳೆಯುವುದಿಲ್ಲ, ಪಟ್ಟಿಯ ಗಾಳಿಯಲ್ಲಿ ರಕ್ತನಾಳದ ಮಿಡಿತ ಎಬ್ಬಿಸುವ ಸಣ್ಣ ಕಂಪನಗಳನ್ನು ಗ್ರಹಿಸಿ, ಅದರಿಂದ ಎರಡೂ ಸಂಖ್ಯೆಗಳನ್ನು ಲೆಕ್ಕ ಹಾಕುತ್ತವೆ. ಮಿಡಿತ ಕ್ಷೀಣವಾಗಿದ್ದಾಗ ಬೆರಳು ಆಡಿಸಿದರೂ, ಒಂದು ಮಾತು ಆಡಿದರೂ ಆ ಲೆಕ್ಕ ತಪ್ಪಬಹುದು. ನಾಡಿ ತಾಳ ತಪ್ಪಿ ಬಡಿಯುತ್ತಿದ್ದರೂ ಹೀಗಾಗುವುದರಿಂದ, ಮಣಿಕಟ್ಟಿನಲ್ಲಿ ನಾಡಿ ಹಿಡಿದು ನೋಡಿ. ಏರುಪೇರು ಅನಿಸಿದರೆ ಇ.ಸಿ.ಜಿ. ಮಾಡಿಸಬೇಕು.

ಕುರ್ಚಿಗೆ ಬೆನ್ನು ಆನಿಸಿ, ಪಾದ ನೆಲಕ್ಕೂರಿ, ಐದು ನಿಮಿಷ ಸುಮ್ಮನೆ ಕುಳಿತ ಮೇಲೆ, ತೋಳನ್ನು ಮೇಜಿನ ಮೇಲೆ ಎದೆಯ ಮಟ್ಟದಲ್ಲಿಟ್ಟು ಅಳೆಯಿರಿ. ತೋಳು ಹೃದಯಕ್ಕಿಂತ 10 ಸೆಂ.ಮೀ. ಮೇಲಿದ್ದರೆ ಸಂಖ್ಯೆ ಸುಮಾರು 7–8ರಷ್ಟು ಇಳಿಯುತ್ತದೆ, ಬಿ.ಪಿ. ಹೆಚ್ಚಿರುವವರಲ್ಲಿ ಅದು ಅಷ್ಟಾಗಿ ಗಮನಕ್ಕೆ ಬಾರದಿದ್ದರೂ, 97 ಇರಬೇಕಾದದ್ದು 89 ಎಂದು ಕಂಡರೆ ಮನೆಯವರೆಲ್ಲ ಗಾಬರಿಯಾಗುತ್ತಾರೆ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆದು ಎರಡನ್ನೂ ಬರೆದಿಡಿ. ಸಮಾಧಾನವಾಗುವ ಸಂಖ್ಯೆ ಬರುವ ತನಕ ಗುಂಡಿ ಒತ್ತುತ್ತಾ ಹೋಗಬೇಡಿ.

ಇಷ್ಟಾದರೂ ಕುಳಿತು ಅಳೆದದ್ದರಿಂದ ತಾಯಿಯವರ ತೊಂದರೆ ತಿಳಿಯದೇ ಇರಬಹುದು, ಏಕೆಂದರೆ ಅವರಿಗೆ ತಲೆ ಸುತ್ತುವುದು ಎದ್ದು ನಿಂತಾಗ. ಬೆಳಿಗ್ಗೆ ಮಾತ್ರೆಗೆ ಮುಂಚೆ, ಐದು ನಿಮಿಷ ಮಲಗಿದ್ದಂತೆಯೇ ಒಮ್ಮೆ ಅಳೆಯಿರಿ; ನಂತರ ಅವರನ್ನು ಎಬ್ಬಿಸಿ ನಿಲ್ಲಿಸಿ, ತೋಳಿಗೆ ಎದೆಯ ಮಟ್ಟದಲ್ಲಿ ಆಧಾರ ಕೊಟ್ಟು, ಒಂದನೇ ಮತ್ತು ಮೂರನೇ ನಿಮಿಷಕ್ಕೆ ಅಳೆಯಿರಿ. ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದರೆ ವೈದ್ಯರಿಗೆ ತಿಳಿಸಲೇಬೇಕು. ಪಕ್ಕದಲ್ಲಿ ಒಬ್ಬರು ಹಿಡಿದುಕೊಂಡಿರಬೇಕು. ಕಣ್ಣು ಕತ್ತಲೆ ಬಂತೆಂದರೆ ಅಳತೆ ಅರ್ಧಕ್ಕೆ ನಿಂತರೂ ಸರಿ, ಮೊದಲು ಕೂರಿಸಿ. ವಯಸ್ಸಾದವರಲ್ಲಿ ಊಟವಾದ ಮೇಲೂ ಒತ್ತಡ ಇಳಿಯುವುದುಂಟು, ಆದ್ದರಿಂದ ಊಟದ ಮತ್ತು ಮಾತ್ರೆಯ ಹೊತ್ತನ್ನೂ ಪಕ್ಕದಲ್ಲಿ ಬರೆಯಿರಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಸರ್, ನಮ್ಮ ತಂದೆಗೂ ಹೀಗೆಯೇ ಆಗುತ್ತದೆ. ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್ಸುಲೋಸಿನ್ ನಡೆಯುತ್ತಿದೆ. ಮಣಿಕಟ್ಟಿಗೆ ಕಟ್ಟುವ ಯಂತ್ರ ಸಾಕೇ? ತಲೆ ಸುತ್ತಿದಾಗ ಉಪ್ಪು ಹಾಕಿದ ನಿಂಬೆ ಪಾನಕ ಕೊಡುತ್ತೇವೆ, ಸರಿಯೇ?

ಉತ್ತರ: ಮಣಿಕಟ್ಟಿನ ಯಂತ್ರದಲ್ಲಿ ಕೈಯ ಎತ್ತರ ಸ್ವಲ್ಪ ಬದಲಾದರೂ ಸಂಖ್ಯೆ ಬದಲಾಗುವುದರಿಂದ, ಪಟ್ಟಿಯ ಅಳತೆ ಹೊಂದುವುದಾದರೆ ತೋಳಿನ ಯಂತ್ರವನ್ನೇ ಬಳಸಿ. ಎದ್ದು ನಿಂತಾಗಿನ ಒತ್ತಡವನ್ನು ಟ್ಯಾಮ್ಸುಲೋಸಿನ್ ಇಳಿಸಬಲ್ಲದು, ಬಿ.ಪಿ. ಮಾತ್ರೆಯೂ ಜೊತೆಗಿದ್ದರೆ ಇನ್ನಷ್ಟು. ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ, ಆದರೆ ಮುಂದಿನ ತಿಂಗಳ ತಪಾಸಣೆಯವರೆಗೆ ಕಾಯದೆ, ಮಲಗಿ ಮತ್ತು ನಿಂತು ಅಳೆದ ಸಂಖ್ಯೆಗಳನ್ನು ಈ ವಾರವೇ ವೈದ್ಯರಿಗೆ ತೋರಿಸಿ. ಹೃದಯ ಅಥವಾ ಕಿಡ್ನಿಯ ತೊಂದರೆ ಇದ್ದವರಿಗೆ ಉಪ್ಪಿನ ಪಾನಕ ಹಾನಿ ಮಾಡಬಹುದು, ಅದನ್ನೂ ಅವರನ್ನು ಕೇಳಿಯೇ ಕೊಡಿ. ಎಚ್ಚರ ತಪ್ಪಿ ಬಿದ್ದರೆ, ಎದೆನೋವು, ಉಸಿರಾಟದ ತೊಂದರೆ ಅಥವಾ ಕಪ್ಪು ಮಲ ಕಂಡರೆ ಯಂತ್ರ ಹುಡುಕುತ್ತಾ ಕೂರದೆ ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಿರಿ.