ಪದಚರ್ಚೆ: ರೋಲರ್ ಡರ್ಬಿಯ ‘ಲೀಗ್’ ಮತ್ತು ‘ಸೀಸನ್’

ಎಲ್ಲರಿಗೂ ನಮಸ್ಕಾರ.

ಕೊಡಗಿನ ಪೊನ್ನಂಪೇಟೆಯಲ್ಲಿ ಹಾಕಿ ಆಡುವ ಹೆಣ್ಣುಮಕ್ಕಳಿಗಾಗಿ ನಾವು ತರುವ ಗೋಡೆಪತ್ರಿಕೆಗೆ ಅಮೆರಿಕದ ಮಹಿಳಾ ರೋಲರ್ ಡರ್ಬಿ ಬಗ್ಗೆ ಬರೆಯುತ್ತಿದ್ದೇನೆ. ಗಾಲಿಯ ಸ್ಕೇಟ್ ಕಟ್ಟಿಕೊಂಡು ಟ್ರ್ಯಾಕಿನಲ್ಲಿ ಸುತ್ತುತ್ತಾ ಎರಡು ತಂಡಗಳು ಆಡುವ ಆಟ ಇದು. ಎರಡು ಪದಗಳಿಗೆ ನಿಮ್ಮ ಸಲಹೆ ಬೇಕು.

ಮೊದಲನೆಯದು ‘ಲೀಗ್’. ‘ತಂಡ ಲೀಗ್ ಹಂತದಲ್ಲೇ ಹೊರಬಿತ್ತು’ ಎಂದು ಓದಿ ರೂಢಿಯಾದ ನಮಗೆ ಲೀಗ್ ಎಂದರೆ ಪಂದ್ಯಾವಳಿ. ಡರ್ಬಿಯಲ್ಲಿ ಹಾಗಲ್ಲ. 2001ರಲ್ಲಿ ಟೆಕ್ಸಾಸಿನ ಆಸ್ಟಿನ್ನಿನಲ್ಲಿ ಈ ಆಟ ಹೊಸ ರೂಪದಲ್ಲಿ ಮತ್ತೆ ಚಿಗುರಿತು. ಅಂದಿನಿಂದ ಅಲ್ಲಿ ಲೀಗ್ ಎಂದರೆ ಒಂದು ಊರಿನ ಆಟಗಾರ್ತಿಯರೇ ಕಟ್ಟಿ ನಡೆಸುವ ಸಂಸ್ಥೆ. ಅದರೊಳಗೇ ಹಲವು ತಂಡಗಳಿರಬಹುದು, ಬೇರೆ ಊರಿಗೆ ಹೋಗಿ ಆಡಲು ಒಂದು ಆಯ್ದ ತಂಡ ಬೇರೆ. ಅಂಗಳ ಹುಡುಕುವುದರಿಂದ ಹಿಡಿದು ಟಿಕೆಟ್ ಮಾರುವುದು, ಪತ್ರಿಕೆಗೆ ಸುದ್ದಿ ಮುಟ್ಟಿಸುವುದು, ಎಲ್ಲಕ್ಕೂ ಅವರೇ ಓಡಾಡುತ್ತಾರೆ. ‘ಲೀಗ್ ಈ ಪಂದ್ಯ ಗೆದ್ದಿತು’ ಎಂದು ಬರೆದರೆ ನಮ್ಮ ಓದುಗರಿಗೆ ಅರ್ಥವಾಗುವುದು ಹೇಗೆ?

‘ಕೂಟ’ ಎಂದರೆ ಕ್ರೀಡಾಕೂಟ ನೆನಪಾಗುತ್ತದೆ. ‘ಒಕ್ಕೂಟ’ವನ್ನು 2004ರಲ್ಲಿ ಹುಟ್ಟಿದ, ಈ ಲೀಗುಗಳೆಲ್ಲದರ ಮೇಲಿನ ಸಂಸ್ಥೆಗೆ ಮೀಸಲಿಡಬೇಕು. ಇಲ್ಲಿನ ಓದುಗರ ಕಣ್ಣಮುಂದಿರುವುದು ಕೊಡವರ ಕೌಟುಂಬಿಕ ಹಾಕಿ ಉತ್ಸವ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಕುಟುಂಬಗಳೊಂದಿಗೆ ಆರಂಭಿಸಿದ್ದು, 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡಗಳಾದವು. ಇಲ್ಲಿ ತಂಡವೆಂದರೆ ಒಂದು ಒಕ್ಕ, ಅಂದರೆ ಒಂದೇ ಮನೆತನದವರು. ವರ್ಷಕ್ಕೊಂದು ಒಕ್ಕ ಉತ್ಸವದ ಹೊಣೆ ಹೊರುತ್ತದೆ. ಆಡುವವರೇ ನಡೆಸುವುದೂ ಉಂಟು ಎಂಬುದು ಕೊಡಗಿನವರಿಗೆ ಹೊಸದಲ್ಲ. ಆ ಅರ್ಥ ‘ಸಂಘ’ದಲ್ಲಿ ಸಲೀಸಾಗಿ ಬರುತ್ತದೆ ಎಂದು ನನಗನಿಸುತ್ತದೆ. ಸ್ತ್ರೀಶಕ್ತಿ ಸಂಘಗಳನ್ನು ನಡೆಸಿ ಗೊತ್ತಿರುವ ತಾಯಂದಿರಿಗೂ ಅದು ತಿಳಿಯುತ್ತದೆ.

ಎರಡನೆಯದು ‘ಸೀಸನ್’. ಕ್ರಿಕೆಟ್ ವರದಿಗಳಲ್ಲಿ ‘ದೇಶಿ ಋತು’ ಚಾಲ್ತಿಯಲ್ಲಿದೆ. ಆದರೆ ‘ಮಹಿಳೆಯರ ಋತು ಆರಂಭ’ ಎಂಬ ತಲೆಬರಹವನ್ನು ಹದಿನಾಲ್ಕರ ಹುಡುಗಿ ಗೋಡೆಯ ಮುಂದೆ ನಿಂತು ಓದುವಾಗ ಏನನ್ನಿಸೀತು? ಅದನ್ನು ನಾನು ಬಳಸಲಾರೆ. ‘ಹಂಗಾಮು’ ಎಂದರೆ ಬೆಳೆ, ಕೊಯ್ಲು. ಕಚೇರಿ ಕಾಗದದ ವಾಸನೆ ಇದ್ದರೂ ‘ಈ ಸಾಲಿನ ಪಂದ್ಯಗಳು’ ಎಂಬುದೇ ವಾಸಿ. ಮಾತಿನಲ್ಲಿ ಎಲ್ಲರೂ ‘ಹಾಕಿ ಸೀಸನ್’ ಅನ್ನುತ್ತಾರೆ, ಅದನ್ನೇ ಇಟ್ಟರೂ ನನ್ನ ತಕರಾರಿಲ್ಲ.

ಅಂಕ ಗಳಿಸುವ ಜ್ಯಾಮರ್, ಅವಳನ್ನು ತಡೆಯುವ ಬ್ಲಾಕರ್, ಈ ಪದಗಳು ಹಾಗೇ ಇರಲಿ. ಕಬಡ್ಡಿಯ ರೈಡರನ್ನು ಒಪ್ಪಿಕೊಂಡವರಿಗೆ ಇವು ಕಷ್ಟವಲ್ಲ. ನಾನು ಬರೆದ ವಾಕ್ಯ ಹೀಗಿದೆ: ‘ಹೆಲ್ಮೆಟ್ಟಿನ ಮೇಲೆ ನಕ್ಷತ್ರ ತೊಟ್ಟ ಜ್ಯಾಮರ್ ಎದುರಾಳಿ ಗುಂಪನ್ನು ಒಮ್ಮೆ ದಾಟಿ, ಎರಡನೇ ಸುತ್ತಿನಿಂದ ತಾನು ಹಿಂದಿಕ್ಕಿದ ಒಬ್ಬೊಬ್ಬ ಬ್ಲಾಕರಿಗೆ ಒಂದೊಂದು ಅಂಕ ಗಳಿಸುತ್ತಾಳೆ.’ ಇಲ್ಲಿ ಸುತ್ತು ಎಂದರೆ ಟ್ರ್ಯಾಕಿನ ಸುತ್ತು. ಹಾಗಾಗಿ ಹೆಚ್ಚೆಂದರೆ 2 ನಿಮಿಷದ ಆಟದ ತುಣುಕಾದ ‘ಜ್ಯಾಮ್’ಗೆ ಅದೇ ಪದ ಕೊಡುವಂತಿಲ್ಲ. ‘ಸರದಿ’ ನಡೆದೀತೇ?

ಇಷ್ಟು ಕೇಳಲು ಕಾರಣವಿದೆ. ಡರ್ಬಿ ಬಗ್ಗೆ ಅಲ್ಲಿನ ಸ್ಥಳೀಯ ಪತ್ರಿಕೆಗಳು ಆರಂಭದಲ್ಲಿ ಆಟಗಾರ್ತಿಯರ ಕಾಲುಚೀಲ, ಅಡ್ಡಹೆಸರುಗಳನ್ನೇ ವರ್ಣಿಸಿದ್ದು ಹೆಚ್ಚು. ನಮ್ಮಲ್ಲೂ ಹುಡುಗಿಯರ ಪಂದ್ಯದ ಸುದ್ದಿಯಲ್ಲಿ ಮುಖ್ಯ ಅತಿಥಿಗಳ ಹೆಸರೆಲ್ಲ ಮುಗಿದ ಮೇಲೆ ಗೋಲು ಹೊಡೆದವಳ ಹೆಸರು ಹುಡುಕಬೇಕು. ನಮ್ಮ ಹಾಳೆಯಲ್ಲಿ ಮೊದಲ ಸಾಲಿಗೇ ಅಂಕ ಬರಬೇಕು, ಆಟದ ಮಾತು ತಡೆಯಿಲ್ಲದೆ ಓದಿಸಿಕೊಳ್ಳಬೇಕು.

ಸ್ಕೇಟಿಂಗ್ ಕಲಿಸುವವರು ಯಾರಾದರೂ ಇಲ್ಲಿದ್ದರೆ, ಟ್ರ್ಯಾಕಿನಲ್ಲಿ ಮಕ್ಕಳು ಬಳಸುವ ಪದಗಳನ್ನು ದಯವಿಟ್ಟು ತಿಳಿಸಿ.