ವರ್ಗ ಪೂರ್ತಿ ಮಾಡುವಾಗ ಆ 4 ಎಲ್ಲಿಂದ ಬರುತ್ತದೆ?

ಪೆರ್ಲದ ತಾಯಿ:
ಮಗಳು ಹತ್ತನೆಯ ತರಗತಿ, ಕನ್ನಡ ಮಾಧ್ಯಮ. ಎರಡನೇ ಘಾತದ ಸಮೀಕರಣಗಳಲ್ಲಿ ಒಂದು ಕಡೆ ಸಿಕ್ಕಿಕೊಂಡಿದ್ದಾಳೆ. ಲೆಕ್ಕ ಹೀಗಿದೆ: ಆಯತಾಕಾರದ ಅಂಗಳದ ಉದ್ದ ಅಗಲಕ್ಕಿಂತ 4 ಮೀಟರ್ ಹೆಚ್ಚು, ವಿಸ್ತೀರ್ಣ 96 ಚದರ ಮೀಟರ್. ಉದ್ದ, ಅಗಲ ಎಷ್ಟು? ಅಗಲವನ್ನು ಅ ಎಂದಿಟ್ಟುಕೊಂಡು ಅ² + 4ಅ = 96 ಎಂಬಲ್ಲಿಯವರೆಗೆ ಅವಳೇ ಬರೆದಳು. ಮುಂದಿನ ಸಾಲಿನಲ್ಲಿ ಗೈಡು "ಎರಡೂ ಕಡೆಗೆ 4 ಕೂಡಿಸಿ" ಎನ್ನುತ್ತದೆ. ಏಕೆ 4? ಟ್ಯೂಷನ್ನಿನಲ್ಲಿ ಕೇಳಿದ್ದಕ್ಕೆ "ಅದು ನಿಯಮ, ಬಾಯಿಪಾಠ ಮಾಡು" ಎಂದು ಮಲಯಾಳದಲ್ಲಿ ಹೇಳಿದರಂತೆ. ಕಾರಣ ಗೊತ್ತಾಗದೆ ಮುಂದೆ ಹೋಗುವುದಿಲ್ಲ ಎಂದು ಕೂತಿದ್ದಾಳೆ. ನಾನು ಓದಿದ್ದು ವಾಣಿಜ್ಯ. ಯಾರಾದರೂ ಕನ್ನಡದಲ್ಲಿ ಬಿಡಿಸಿ ಹೇಳುವಿರಾ?

ನೀರ್ಚಾಲಿನ ನಿವೃತ್ತ ಗಣಿತ ಶಿಕ್ಷಕ:
ನಿಮ್ಮ ಮಗಳು ಕೂತದ್ದು ಸರಿಯಾದ ಜಾಗದಲ್ಲಿಯೇ. ಇಡೀ ಪಾಠದ ಜೀವ ಆ ಒಂದು ಸಾಲಿನಲ್ಲಿದೆ. ಅದನ್ನು ಬಾಯಿಪಾಠ ಮಾಡಿಸುವುದು ಮಗುವಿಗೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಪೆನ್ನು ಬದಿಗಿಡಿ. ಹಳೆಯ ಕ್ಯಾಲೆಂಡರಿನ ಒಂದು ಹಾಳೆ, ಕತ್ತರಿ, ಸ್ಕೇಲು ತೆಗೆದುಕೊಳ್ಳಿ. ಉತ್ತರ ಮೊದಲೇ ಗೊತ್ತಿದೆ ಎಂದಿಟ್ಟುಕೊಂಡು 12 ಸೆಂಟಿಮೀಟರ್ ಉದ್ದ, 8 ಸೆಂಟಿಮೀಟರ್ ಅಗಲದ ಆಯತವನ್ನು ಕತ್ತರಿಸಿ. ಇದೇ ನಮ್ಮ ಅಂಗಳ. ಉದ್ದದಲ್ಲಿ 8 ಸೆಂಟಿಮೀಟರಿಗೆ ಗೆರೆ ಎಳೆದು ತುಂಡರಿಸಿದರೆ ಒಂದು ಚೌಕ, ಒಂದು ಪಟ್ಟಿ. ಚೌಕ ಅ², ಪಟ್ಟಿ 4ಅ. ಪಟ್ಟಿಯ ಅಗಲ 4. ಅದನ್ನು ಉದ್ದಕ್ಕೆ ಸೀಳಿ, 2 ಅಗಲದ ಎರಡು ಪಟ್ಟಿ ಮಾಡಿ. ಒಂದನ್ನು ಚೌಕದ ಬಲಕ್ಕೆ, ಇನ್ನೊಂದನ್ನು ಕೆಳಕ್ಕೆ ಅಂಟಿಸಿ.

ಈಗ ಮಗಳು ನೋಡಲಿ. ಹೆಚ್ಚುಕಡಿಮೆ ದೊಡ್ಡ ಚೌಕವೇ ಆಗಿದೆ, ಬಲಗಡೆಯ ಕೆಳಮೂಲೆ ಮಾತ್ರ ಖಾಲಿ. ಆ ಮೂಲೆಯನ್ನು ಅವಳೇ ಅಳೆಯಲಿ: 2 ಉದ್ದ, 2 ಅಗಲ. ಗೈಡು ಕೂಡಿಸಲು ಹೇಳಿದ 4 ಅದೇ! ಕಾಗದ ಇರುವುದು 96, ಮೂಲೆ ಮುಚ್ಚಿದರೆ 100. ವಿಸ್ತೀರ್ಣ 100 ಇರುವ ಚೌಕದ ಬದಿ 10. ಆ ಬದಿ ಎಂದರೆ ಅ + 2.

ಇಷ್ಟಾದ ಮೇಲೆ ಪುಸ್ತಕದಲ್ಲಿ ಬರೆಯಲಿ:
ಅ² + 4ಅ = 96
ಅ² + 4ಅ + 4 = 100
(ಅ + 2)² = 100
ಅ + 2 = 10
ಅ = 8

ಪಟ್ಟಿಯ ಅಗಲ 6 ಇದ್ದರೆ ಖಾಲಿ ಮೂಲೆ 3 × 3, ಅಂದರೆ 9. ಅಗಲ 10 ಇದ್ದರೆ 25. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನ ಗಣಿತಜ್ಞ ಅಲ್ ಖ್ವಾರಿಜ್ಮಿ ಅ² + 10ಅ = 39 ಎಂಬ ಲೆಕ್ಕವನ್ನು ಹೀಗೆ ಚಿತ್ರದಿಂದಲೇ ವಿವರಿಸಿದ್ದಾನೆ. ಅದನ್ನು ಮಗಳಿಗೆ ಕೊಡಿ. ಅವಳು 25 ಕೂಡಿಸಿ 64 ಪಡೆದು, ಉತ್ತರ 3 ಎಂದರೆ ವಿಷಯ ತಲೆಗೆ ಹೋಗಿದೆ.

ಉಪ್ಪಳದ ಬಿ.ಎಡ್. ವಿದ್ಯಾರ್ಥಿನಿ:
ಸರ್, 4ರ ಬದಲು 5 ಬಂದರೆ ಮೂಲೆ ಎರಡೂವರೆ × ಎರಡೂವರೆ ಆಗುತ್ತದೆ. ಮಕ್ಕಳು ಭಿನ್ನರಾಶಿ ಕಂಡರೆ ಹೆದರುತ್ತಾರೆ. ಅಂಥ ಕಡೆ ನಾನು ನಮ್ಮ ಪ್ರಾಚೀನ ಗಣಿತಜ್ಞ ಶ್ರೀಧರಾಚಾರ್ಯರ ವಿಧಾನ ಹೇಳಿಕೊಡುತ್ತೇನೆ. ಭಾಸ್ಕರಾಚಾರ್ಯರು ತಮ್ಮ 'ಬೀಜಗಣಿತ' ಗ್ರಂಥದಲ್ಲಿ ಉಲ್ಲೇಖಿಸಿರುವ ಸೂತ್ರ ಅದು. ಅ² + 5ಅ = 84 ಇದ್ದರೆ ಮೊದಲು ಎರಡೂ ಕಡೆಯನ್ನು 4ರಿಂದ ಗುಣಿಸುವುದು, ಆಮೇಲೆ 5ರ ವರ್ಗ 25 ಕೂಡಿಸುವುದು. 336 + 25 = 361, ಅದು 19ರ ವರ್ಗ. 2ಅ + 5 = 19, ಆದ್ದರಿಂದ ಅ = 7. ಇದಕ್ಕೂ ಚಿತ್ರವಿದೆ: 7 × 12ರ ನಾಲ್ಕು ಆಯತಗಳನ್ನು ಒಂದರ ತಲೆಗೆ ಇನ್ನೊಂದರ ಬಾಲ ಬರುವಂತೆ ಸುತ್ತ ಜೋಡಿಸಿದರೆ ನಡುವೆ 5 × 5ರ ಕಿಂಡಿ ಉಳಿಯುತ್ತದೆ. ಕಿಂಡಿ ಮುಚ್ಚಿದರೆ 19 × 19.

ಪೆರ್ಲದ ತಾಯಿ:
ಇಬ್ಬರಿಗೂ ಕೃತಜ್ಞತೆಗಳು. ಕ್ಯಾಲೆಂಡರಿನ ಚೌಕ ಈಗ ಅವಳ ಮೇಜಿನ ಮೇಲಿನ ಗೋಡೆಯಲ್ಲಿದೆ. ಆದರೆ ಹೊಸ ತಕರಾರು ಬಂದಿದೆ. 100ರ ವರ್ಗಮೂಲ –10 ಕೂಡ ಅಲ್ಲವೇ, ಅದನ್ನು ಏಕೆ ಬಿಟ್ಟರು ಎಂದು ಕೇಳುತ್ತಾಳೆ.

ನೀರ್ಚಾಲಿನ ನಿವೃತ್ತ ಗಣಿತ ಶಿಕ್ಷಕ:
ಭೇಷ್ ಎಂದು ಹೇಳಿ ಅವಳಿಗೆ. ಅ + 2 = –10 ಆದರೆ ಅ = –12. ಅದಕ್ಕೆ 4 ಕೂಡಿಸಿದರೆ –8. ಇವೆರಡನ್ನು ಗುಣಿಸಿ ನೋಡಲಿ, 96 ಬರುತ್ತದೆ. ಸಮೀಕರಣದ ಮಟ್ಟಿಗೆ –12 ಪೂರ್ತಿ ಸರಿಯಾದ ಉತ್ತರ. ನಾವು ಕತ್ತರಿಸಿದ ಕಾಗದಕ್ಕೆ ಅದು ಕಾಣಿಸದು, ಏಕೆಂದರೆ ಕಾಗದದ ಬದಿ ಯಾವಾಗಲೂ ಧನಸಂಖ್ಯೆ. ಚಿತ್ರ ತೋರಿಸದ್ದನ್ನು ಬೀಜಗಣಿತ ತೋರಿಸಿತು, ಅವಳು ಅದನ್ನು ತಾನಾಗಿ ಹಿಡಿದಳು. ಪರೀಕ್ಷೆಯಲ್ಲಿ ಎರಡೂ ಬೆಲೆಗಳನ್ನು ಬರೆದು, ಕೆಳಗೆ "ಅಗಲವು ಋಣಸಂಖ್ಯೆಯಾಗಲಾರದು, ಆದ್ದರಿಂದ ಅಗಲ 8 ಮೀಟರ್, ಉದ್ದ 12 ಮೀಟರ್" ಎಂದು ಕಾರಣ ಸಹಿತ ಬರೆಯಲಿ.