ಸಹಾಯ ಬೇಕು: ಕ್ರಿಸ್ಮಸ್ ಗೀತೆಗಳ ಸಂಜೆಗೆ ಆರ್ಗನ್ ರಿಪೇರಿ, ಇಬ್ಬರು ವಾಚಕರು

ಎಲ್ಲರಿಗೂ ನಮಸ್ಕಾರ. ಡೊಂಬಿವಲಿಯ ನಮ್ಮ ಕನ್ನಡ ಸಭೆಯವರು ಡಿಸೆಂಬರ್ ಮೂರನೆಯ ಭಾನುವಾರ ಸಂಜೆ ಕ್ರಿಸ್ಮಸ್ ಗೀತೆಗಳ ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ. 1880ರಲ್ಲಿ ಇಂಗ್ಲೆಂಡಿನ ಟ್ರೂರೊದಲ್ಲಿ ಆರಂಭವಾಗಿ, 1918ರಿಂದ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ ನಡೆದುಬಂದಿರುವ, ಒಂಬತ್ತು ಬೈಬಲ್ ವಾಚನಗಳ ನಡುನಡುವೆ ಗೀತೆಗಳನ್ನು ಹಾಡುವ ಕ್ರಮವನ್ನೇ ಅನುಸರಿಸುತ್ತೇವೆ. ಮಕ್ಕಳು ಅಷ್ಟು ಹೊತ್ತು ಕೂರಬೇಕಲ್ಲ ಎಂದು ವಾಚನಗಳನ್ನು ಆರಕ್ಕೆ ಇಳಿಸಿದ್ದೇವೆ.

ತೊಂದರೆ ಇರುವುದು ಆರ್ಗನ್ನಿನಲ್ಲಿ. ಅದು ಕಾಲಿನಿಂದ ತುಳಿಯುವ ಹಳೆಯ ರೀಡ್ ಆರ್ಗನ್. ಮಳೆಗಾಲದ ತೇವಕ್ಕೆ ಮರ ಉಬ್ಬಿ ನಾಲ್ಕು ಕೀಗಳು ಒತ್ತಿದಲ್ಲೇ ಕೂತುಬಿಡುತ್ತವೆ, ತಿದಿಯ ಬಟ್ಟೆ ಮಡಿಕೆಯಲ್ಲಿ ಹರಿದಿರುವುದರಿಂದ ಎಷ್ಟು ತುಳಿದರೂ ಗಾಳಿ ನಿಲ್ಲದೆ ದೀರ್ಘ ಸ್ವರಗಳು ಮಧ್ಯದಲ್ಲೇ ಸೊರಗುತ್ತವೆ. ಹೋದ ತಿಂಗಳು ಕರೆಸಿದ ರಿಪೇರಿಯವರೊಬ್ಬರು ಮುಂಗಡ ಪಡೆದು ಹೋದವರು ಮತ್ತೆ ಬರಲಿಲ್ಲ. ಹಾರ್ಮೋನಿಯಂ ತಿದಿ ಕಟ್ಟುವವರೂ ಈ ಕೆಲಸ ಮಾಡಬಲ್ಲರೆಂಬುದು ನನ್ನ ಎಣಿಕೆ; ಮುಂಬಯಿ, ಠಾಣೆ ಕಡೆ ಅಂಥವರನ್ನು ಬಲ್ಲವರು ದಯವಿಟ್ಟು ತಿಳಿಸಿ. ಎಲೆಕ್ಟ್ರಾನಿಕ್ ಕೀಬೋರ್ಡ್ ಸಿಗುತ್ತದೆ, ಆದರೆ ಹಿರಿಯರಾರಿಗೂ ಅದು ಒಪ್ಪಿಗೆಯಿಲ್ಲ, ನನಗೂ ಇಲ್ಲ.

ಯೆಶಾಯ 9 ಮತ್ತು ಲೂಕ 2ನೆಯ ಅಧ್ಯಾಯಗಳ ಭಾಗಗಳನ್ನು ಕನ್ನಡದಲ್ಲಿ ನಿಧಾನವಾಗಿ, ಸ್ಪಷ್ಟವಾಗಿ ಓದಬಲ್ಲ ಇಬ್ಬರು ಕೂಡ ಬೇಕಾಗಿದ್ದಾರೆ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ಕನ್ನಡ ಮಾತನಾಡುತ್ತಾರೆ, ಓದುವಾಗ ಒತ್ತಕ್ಷರಗಳಲ್ಲಿ ತಡವರಿಸುತ್ತಾರೆ. ಬರುವವರನ್ನು ಸ್ಟೇಷನ್ನಿನಿಂದ ಕರೆತರುವ ಹೊಣೆ ನಮ್ಮದು, ರಾತ್ರಿ ಊಟವೂ ಇದೆ.